ದೋಸೆ ಗ್ರೈಂಡರಿನಲ್ಲಿ ಚಾಕೊಲೇಟು

ಮಂಗಳೂರಿನ ಪಿ.ಜಿ.ಯಲ್ಲಿದ್ದ ಎರಡು ವರ್ಷ ನನಗೊಂದು ಪದ್ಧತಿ ಇತ್ತು. ಬ್ಯಾಂಕ್ ಪರೀಕ್ಷೆಯ ಫಲಿತಾಂಶ ಬಂದ ಸಂಜೆ ಹತ್ತಿರದ ಬೇಕರಿಗೆ ಹೋಗಿ ಒಂದು ಚಾಕೊಲೇಟ್ ಪೇಸ್ಟ್ರಿ ತಿನ್ನುವುದು. ಪಾಸಾದರೆ ಖುಷಿಗೆ, ಫೇಲಾದರೆ ಸಮಾಧಾನಕ್ಕೆ. ಎರಡು ವರ್ಷದಲ್ಲಿ ಏಳು ಪೇಸ್ಟ್ರಿ ತಿಂದಿದ್ದೇನೆ. ಅದರಲ್ಲಿ ಆರು ಸಮಾಧಾನದ್ದು.

2024ರ ಫೆಬ್ರವರಿಯಲ್ಲಿ ಪಿ.ಜಿ. ಖಾಲಿ ಮಾಡಿ ಪುತ್ತೂರು ತಾಲ್ಲೂಕಿನ ನಮ್ಮ ಹಳ್ಳಿಗೆ ವಾಪಸಾದೆ. ಕೇಳಿದವರಿಗೆಲ್ಲ ‘ಕ್ಲಾಸ್ ಆನ್‌ಲೈನ್ ಆಯಿತು’ ಅಂದೆ. ನಿಜವಾಗಿ ಆದದ್ದು ಬಾಡಿಗೆ ಕೇಳಿ ಅಪ್ಪನಿಗೆ ಫೋನ್ ಮಾಡುವ ಧೈರ್ಯ ಮುಗಿದದ್ದು. ಬಿ.ಕಾಂ. ಮುಗಿಸಿದ ಗಂಡುಹುಡುಗ ಮನೆಯಲ್ಲಿ ಕೂತರೆ ಹೇಗಿರುತ್ತದೆ ಎಂದು ಈ ಪುಟ ಓದುವವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮದುವೆಮನೆಗೆ ಹೋಗುವುದನ್ನು ಬಿಟ್ಟೆ. ಹೋದರೂ ಎರಡನೇ ಪಂಕ್ತಿಗೆ ಕಾದು, ಉಂಡು, ಯಾರೂ ಮಾತನಾಡಿಸುವ ಮೊದಲೇ ಬೈಕ್ ಹತ್ತುತ್ತಿದ್ದೆ.

ಮಾರ್ಚ್‌ನಲ್ಲಿ ತಂಗಿಯ ಹುಟ್ಟಿದ ಹಬ್ಬ. ಅವಳಿಗೆ ಚಾಕೊಲೇಟ್ ಕೇಕ್ ಬೇಕು. ಪೇಟೆಯ ಬೇಕರಿಗೆ 11 ಕಿಲೋಮೀಟರ್. ಬೈಕಿನಲ್ಲಿ ತಂದರೆ ನಮ್ಮ ರಸ್ತೆಗೆ ಕೇಕು ಕೇಕಾಗಿ ಮನೆ ಮುಟ್ಟುವುದಿಲ್ಲ. ‘ನಾನೇ ಮಾಡ್ತೇನೆ’ ಅಂದುಬಿಟ್ಟೆ. ಮನೆಯಲ್ಲಿ ಓವನ್ ಇಲ್ಲ, ಕುಕ್ಕರ್ ಉಂಟು. ಕುಕ್ಕರಿನ ತಳಕ್ಕೆ ಎರಡು ಹಿಡಿ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ನೀರು ಹಾಕದೆ, ವೈಟ್ ಇಡದೆ ಹತ್ತು ನಿಮಿಷ ಕಾಯಿಸಬೇಕು ಎಂಬಲ್ಲಿಯವರೆಗೆ ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಗ್ಯಾಸ್ಕೆಟ್ ತೆಗೆಯಬೇಕು ಎಂಬ ಒಂದು ಮಾತು ತಪ್ಪಿಹೋಯಿತು. ಅರ್ಧ ಗಂಟೆಯಲ್ಲಿ ಮನೆ ತುಂಬ ಟಯರ್ ಸುಟ್ಟ ವಾಸನೆ. ಆ ಕೇಕನ್ನು ನಾಯಿಯೂ ಮೂಸಿ ಬಿಟ್ಟಿತು.

ಎರಡನೆಯದು ಚೆನ್ನಾಗಿ ಬಂತು. ಅಜ್ಜಿಗೆ ಮೊಟ್ಟೆ ಆಗುವುದಿಲ್ಲ, ಹಾಗಾಗಿ ಮೊಸರಿನದ್ದು. ಒಂದು ಕಪ್ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಕದಡಿ, ಅರ್ಧ ಚಮಚ ಅಡುಗೆ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಟ್ಟರೆ ನೊರೆ ಉಕ್ಕುತ್ತದೆ. ಮೊಸರಿನ ಹುಳಿಗೂ ಸೋಡಾಕ್ಕೂ ಆಗುವ ಜಗಳದಲ್ಲಿ ಹುಟ್ಟುವ ಗಾಳಿಯೇ ಮೊಟ್ಟೆಯ ಕೆಲಸ ಮಾಡುವುದು. ಮೇಲಿಂದ ಅರ್ಧ ಕಪ್ ಎಣ್ಣೆ, ಒಂದೂಕಾಲು ಕಪ್ ಮೈದಾ, ಕಾಲು ಕಪ್ ಕೊಕ್ಕೊ ಪುಡಿ. ಮೈದಾ ಹಾಕಿದ ಮೇಲೆ ಜಾಸ್ತಿ ತಿರುವಬಾರದು, ತಿರುವಿದಷ್ಟೂ ಜಿಗುಟಾಗಿ ಕೇಕು ರಬ್ಬರಾಗುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಆಯಿತು.

ಕೇಕು ತಿಂದು ಕೈ ತೊಳೆದು ಬಂದ ತಂಗಿ ಕೊಕ್ಕೊ ಪುಡಿಯ ಪ್ಯಾಕೆಟ್ ಹಿಡಿದು ಕೇಳಿದಳು: ‘ಅಣ್ಣ, ಇದು ನಮ್ಮ ತೋಟದ್ದೇ ಅಲ್ವಾ? ಮತ್ತೆ ಅಂಗಡಿಯಿಂದ ಯಾಕೆ ತಂದದ್ದು?’

ನಮ್ಮದು ಎರಡೆಕರೆ ಅಡಿಕೆ ತೋಟ. ಅಡಿಕೆ ಮರಗಳ ನಡುವೆ ನೆರಳಿಗೆ ಸುಮಾರು ಇನ್ನೂರು ಕೊಕ್ಕೊ ಗಿಡಗಳಿವೆ. ಅಜ್ಜ ಇಟ್ಟದ್ದು. ಹಣ್ಣು ಕೊಯ್ದು, ಒಡೆದು, ಲೋಳೆ ಸಮೇತ ಹಸಿಬೀಜವನ್ನು ಚೀಲದಲ್ಲಿ ತುಂಬಿ ಕ್ಯಾಂಪ್ಕೊಗೆ ಹಾಕಿದರೆ ಅಲ್ಲಿಗೆ ನಮ್ಮ ಕೊಕ್ಕೊ ವ್ಯವಹಾರ ಮುಗಿಯಿತು. ಚಿಕ್ಕಂದಿನಲ್ಲಿ ನಾವು ಆ ಬಿಳಿ ಲೋಳೆ ಚೀಪಿ ಬೀಜ ಉಗಿಯುತ್ತಿದ್ದೆವು. ಸೀತಾಫಲಕ್ಕೆ ನಿಂಬೆ ಹಿಂಡಿದ ಹಾಗೆ ಇರುತ್ತದೆ. ಉಗಿದ ಬೀಜದಲ್ಲಿ ಚಾಕೊಲೇಟ್ ಇದೆ ಎಂದು ಗೊತ್ತಿತ್ತು, ಆದರೆ ಬಾವಿಯಲ್ಲಿ ಕರೆಂಟ್ ಇದೆ ಎಂದು ಗೊತ್ತಿರುವ ಹಾಗೆ. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಕ್ಯಾಂಪ್ಕೊದ ಚಾಕೊಲೇಟ್ ಫ್ಯಾಕ್ಟರಿ ಇದೆ. ಆ ದಾರಿಯಲ್ಲಿ ಹೋಗುವಾಗ ಗಾಳಿ ಈ ಕಡೆ ಬೀಸಿದರೆ ಒಳ್ಳೆ ಪರಿಮಳ. ಅಷ್ಟೇ ನಮ್ಮ ಸಂಬಂಧ.

ಅಜ್ಜಿ ಹೇಳುವ ಪ್ರಕಾರ ಆ ಫ್ಯಾಕ್ಟರಿ ಬರುವ ಮೊದಲೊಂದು ಕಾಲ ಇತ್ತು. ಎಪ್ಪತ್ತರ ದಶಕದಲ್ಲಿ ‘ಕೊಕ್ಕೊ ಇಡಿ, ಇಡಿ’ ಎಂದು ಎಲ್ಲರೂ ಹೇಳಿ ಗಿಡ ಇಡಿಸಿದರು. ಎಂಬತ್ತರ ಹೊತ್ತಿಗೆ ಬೆಲೆ ಬಿದ್ದು ಕೊಳ್ಳುವವರೇ ಇಲ್ಲವಾದರು. ಅಜ್ಜ ಒಂದು ಸಾಲು ಗಿಡ ಕಡಿದೂ ಆಗಿತ್ತಂತೆ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಸಹಕಾರಿ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿದ ಮೇಲೆ ಉಳಿದ ಗಿಡಗಳು ಉಳಿದವು. ಕ್ಯಾಂಪ್ಕೊ ಎಂಬ ಹೆಸರಿನೊಳಗೆ ಅಡಿಕೆಯ ಜೊತೆ ಕೊಕ್ಕೊ ಕೂಡ ಅಡಗಿದೆ ಎಂದು ನನಗೆ ಗೊತ್ತಾದದ್ದೂ ಈ ಹುಚ್ಚು ಹಿಡಿದ ಮೇಲೆಯೇ.

ಆ ವರ್ಷ ನಮ್ಮ ಮನೆಯಲ್ಲಿ ಕೊಕ್ಕೊ ಮಾತು ಬೇರೆ ಕಾರಣಕ್ಕೆ ಜೋರಾಗಿತ್ತು. ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವುದು ಐವರಿ ಕೋಸ್ಟ್, ಘಾನಾ ಎರಡೇ ದೇಶಗಳಲ್ಲಿ. ಅಲ್ಲಿ ರೋಗ ಮತ್ತು ಹವಾಮಾನದಿಂದ ಬೆಳೆ ಕೈಕೊಟ್ಟು 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಕೆಜಿಗೆ ಅರವತ್ತರ ಆಸುಪಾಸಿನಲ್ಲಿದ್ದ ನಮ್ಮ ಹಸಿಬೀಜ ಆ ಬೇಸಗೆಯಲ್ಲಿ ಮುನ್ನೂರರ ಹತ್ತಿರ ಹೋಯಿತು. ಮಂಗನ ಕಾಟ, ಅಳಿಲಿನ ಕಾಟ ಎಂದು ಹಿಂದಿನ ವರ್ಷವಷ್ಟೇ ‘ಕಡಿದು ಬಿಸಾಡುವಾ’ ಅಂದಿದ್ದ ಅಪ್ಪ ಈಗ ಬೆಳಿಗ್ಗೆ ಎದ್ದ ಕೂಡಲೇ ತೋಟಕ್ಕೆ ಹೋಗಿ ಕಾಯಿ ಲೆಕ್ಕ ಹಾಕುತ್ತಿದ್ದರು. ಹದಿನೈದು ವರ್ಷದಲ್ಲಿ ಅವರಿಗೆ ಸಿಕ್ಕಿದ ಒಂದು ಒಳ್ಳೆಯ ಸೀಸನ್.

ಅಂಥ ಹೊತ್ತಿನಲ್ಲಿ ನಾನು ಹೋಗಿ, ‘ಅಪ್ಪಾ, ಎರಡು ಕೆಜಿ ಹಸಿಬೀಜ ನನಗೆ ಬೇಕು’ ಅಂದೆ.

‘ಎಂತಕ್ಕೆ?’

‘ಚಾಕೊಲೇಟ್ ಮಾಡ್ಲಿಕ್ಕೆ.’

ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ತೂಕ ಮಾಡಿ ಕೊಟ್ಟರು. ಆಮೇಲೆ ಲೆಕ್ಕದ ಪುಸ್ತಕದಲ್ಲಿ ‘ಕೊಕ್ಕೊ 2 ಕೆಜಿ – ಮನೆಖರ್ಚು’ ಎಂದು ಬರೆದದ್ದನ್ನು ನಾನು ಕದ್ದು ನೋಡಿದೆ. ನನ್ನ ಅರ್ಜಿ ಶುಲ್ಕ, ಮೊಬೈಲ್ ರೀಚಾರ್ಜ್ ಎಲ್ಲ ಅದೇ ಹೆಸರಿನ ಕೆಳಗೆ ಇತ್ತು.

ಕೊಕ್ಕೊ ಬೀಜವನ್ನು ಹಾಗೇ ಒಣಗಿಸಿ ಹುರಿದರೆ ಚಾಕೊಲೇಟಿನ ಪರಿಮಳ ಬರುವುದಿಲ್ಲ. ಮೊದಲು ಆರೇಳು ದಿನ ಹುಳಿ ಬರಿಸಬೇಕು. ದೋಸೆಹಿಟ್ಟಿನ ಹಾಗೆ ಎಂದುಕೊಂಡು ನಾನು ಪ್ಲಾಸ್ಟಿಕ್ ಬಕೆಟಿಗೆ ತುಂಬಿ ಮುಚ್ಚಳ ಬಿಗಿದೆ. ಐದನೇ ದಿನ ತೆಗೆದರೆ ಬೂಷ್ಟು, ಹಸಿರು, ಬಿಳಿ, ಕಪ್ಪು. ಆರುನೂರು ರೂಪಾಯಿ ಗೊಬ್ಬರದ ಗುಂಡಿಗೆ ಹೋಯಿತು. ಊಟಕ್ಕೆ ಕೂತಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅನ್ನ ಇಳಿಯುತ್ತಿತ್ತೋ ಏನೋ.

ವಿಟ್ಲದಲ್ಲಿ ಸಿಪಿಸಿಆರ್‌ಐ ಕೇಂದ್ರ ಇದೆಯಲ್ಲ, ಕೊಕ್ಕೊ ಸಂಶೋಧನೆ ನಡೆಯುವ ಜಾಗ. ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ಬುಟ್ಟಿಯ ಕ್ರಮ ಇದೆ ಎಂದು ಆಮೇಲೆ ತಿಳಿಯಿತು. ಬಿದಿರಿನ ಬುಟ್ಟಿಗೆ ಬಾಳೆಎಲೆ ಹಾಸಿ, ಲೋಳೆಯ ರಸ ಇಳಿದುಹೋಗಲು ತಳದಲ್ಲಿ ಸಂದು ಬಿಟ್ಟು, ಬೀಜ ಒತ್ತಿ ತುಂಬಿ, ಎಲೆ ಮುಚ್ಚಿ ಭಾರ ಇಡುವುದು. ಮರುದಿನ ಗೋಣಿ ಹೊದಿಸುವುದು. ಮೂರನೇ ದಿನ, ಐದನೇ ದಿನ ಮಗುಚುವುದು. ರಸ ಇಳಿಯಬೇಕು, ಗಾಳಿ ತಾಗಬೇಕು, ಬಿಸಿ ಮಾತ್ರ ಹೊರಗೆ ಹೋಗಬಾರದು. ನನ್ನ ಬಕೆಟಿನಲ್ಲಿ ಈ ಮೂರೂ ತಿರುಗುಮುರುಗು ಆಗಿತ್ತು.

ಮೇ ಎರಡನೇ ವಾರ ಕೇಳಲು ಮನಸ್ಸಾಗದೆ ಸುಮ್ಮನಿದ್ದೆ. ಅಪ್ಪನೇ ಒಂದು ಸಂಜೆ ಐದು ಕೆಜಿ ತೂಗಿ ಬುಟ್ಟಿಯ ಪಕ್ಕದಲ್ಲಿ ಇಟ್ಟು ಹೋದರು. ‘ಎರಡು ಕೆಜಿಯಲ್ಲಿ ಬಿಸಿ ನಿಲ್ಲುದಿಲ್ಲ’ ಅಂದರು, ಅಷ್ಟೇ.

ಮೊದಲ ದಿನ ಹಣ್ಣಿನ ವಾಸನೆ. ಎರಡನೇ ದಿನಕ್ಕೆ ಶೇಂದಿಯದ್ದು. ‘ಮನೆಯಲ್ಲಿ ಎಂತ ಇಟ್ಟಿದ್ದಿ ಮಾರಾಯ, ಅಬಕಾರಿಯವರು ಬಂದಾರು’ ಎಂದು ಅಮ್ಮ. ನಾಲ್ಕನೇ ದಿನ ವಿನೆಗರ್. ಬುಟ್ಟಿಯೊಳಗೆ ಕೈ ಹಾಕಿದರೆ ಸ್ನಾನದ ನೀರಿನಷ್ಟು ಬಿಸಿ. ಆ ಬಿಸಿಗೆ, ಹುಳಿಗೆ ಒಳಗಿನ ಬೀಜ ಸಾಯುತ್ತದೆ, ನೇರಳೆ ಬಣ್ಣ ಕಂದಾಗುತ್ತದೆ, ಕಹಿ ಇಳಿಯುತ್ತದೆ. ಏಳನೇ ದಿನ ತೆಗೆದು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನಲ್ಲಿ ಹರಡಿದೆ. ಒಂದು ವಾರದ ಮೇಲೆ ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಚಟಚಟ ಸದ್ದು. ಐದು ಕೆಜಿ ಹಸಿಬೀಜ ಒಂದೂಮುಕ್ಕಾಲು ಕೆಜಿ ಒಣಬೀಜ ಆಗಿತ್ತು.

ಬಾಣಲೆಯಲ್ಲಿ ನೆಲಗಡಲೆ ಹುರಿದ ಹಾಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಮೊದಲು ಮೂಗಿಗೆ ಹೊಡೆಯುವ ಹುಳಿ ವಾಸನೆ, ಆಮೇಲೆ ಇದ್ದಕ್ಕಿದ್ದ ಹಾಗೆ ಬೇಕರಿಯ ವಾಸನೆ! ತಂಗಿ ಅಂಗಳದಿಂದ ಓಡಿಬಂದಳು. ಬೀಜ ಜಜ್ಜಿ ಸಿಪ್ಪೆ ಬೇರೆ ಮಾಡಬೇಕು. ಇದಕ್ಕೆ ಹೇರ್ ಡ್ರೈಯರ್ ಹಿಡಿದು ಊದಬೇಕೆಂದು ನಾನು ನೋಡಿದ ವಿಡಿಯೊದಲ್ಲಿತ್ತು. ಹಿಡಿದೆ. ಸಿಪ್ಪೆಯ ಜೊತೆ ಬೀಜವೂ ಹಾರಿ ಚಾವಡಿ ಇಡೀ ಕೊಕ್ಕೊ. ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ಇತ್ತ ಕೊಡು ಮಗಾ’ ಎಂದು ಗೆರಸೆ ತರಿಸಿದರು. ಎಂಬತ್ತು ವರ್ಷದ ಕೈ. ಕಾಲು ಗಂಟೆಯಲ್ಲಿ ಸಿಪ್ಪೆ ಒಂದು ಕಡೆ, ಬೀಜದ ಚೂರು ಒಂದು ಕಡೆ. ಒಂದು ಕೆಜಿ ಮುನ್ನೂರು ಗ್ರಾಂ.

ಇನ್ನು ಕಡೆಯುವ ಕೆಲಸ. ಅರ್ಧದಷ್ಟು ಚೂರನ್ನು ಅಮ್ಮನ ಎರಡು ಲೀಟರ್ ಗ್ರೈಂಡರಿಗೆ ಹಾಕಿದೆ. ಕೊಕ್ಕೊ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುವುದು. ಕಲ್ಲಿನ ಉಜ್ಜಾಟದ ಬಿಸಿಗೆ ಅದು ಕರಗಿ, ಒಂದು ಹನಿ ನೀರಿಲ್ಲದೆ ತಾನೇ ಹಿಟ್ಟಿನ ಹಾಗೆ ಆಗುತ್ತದೆ. ಅಮೆರಿಕ, ಯುರೋಪಿನಲ್ಲಿ ಬೀಜದಿಂದಲೇ ಚಾಕೊಲೇಟ್ ಮಾಡುವ ಸಣ್ಣ ಸಣ್ಣ ತಯಾರಕರು ಎಷ್ಟೋ ಜನ ಬಳಸುವುದು ನಮ್ಮ ಕೊಯಮತ್ತೂರು ಕಡೆಯ ದೋಸೆ ಗ್ರೈಂಡರಿನದ್ದೇ ಕುಲದ ಯಂತ್ರ. ಇದನ್ನು ಓದಿ ನನಗೆ ಭಾರೀ ಧೈರ್ಯ ಬಂದಿತ್ತು. ಆದರೆ ಹಿಂದಿನ ದಿನ ಅಮ್ಮ ಗ್ರೈಂಡರ್ ತೊಳೆದಿದ್ದರು. ನಾನು ಬಟ್ಟೆಯಲ್ಲಿ ಒರೆಸಿದ್ದೆ. ಕಲ್ಲಿನ ಸಂದಿಯಲ್ಲಿ ಉಳಿದಿದ್ದ ನೀರು ಕಂಡಿರಲಿಲ್ಲ.

ಎರಡು ಗಂಟೆ ಚೆನ್ನಾಗಿ ತಿರುಗಿತು. ಸಕ್ಕರೆ ಪುಡಿ ಹಾಕಿದ ಮೇಲೆ ನೋಡನೋಡುತ್ತ ಗಟ್ಟಿಯಾಗಿ, ಉಂಡೆಯಾಗಿ, ಕಲ್ಲು ನಿಂತು, ಸುಟ್ಟ ವಾಸನೆ ಬಂದು, ಟಪ್ ಎಂದಿತು. ಬೆಲ್ಟ್ ಹೋಗಿತ್ತು. ಕರಗಿದ ಚಾಕೊಲೇಟಿಗೆ ಸ್ವಲ್ಪ ನೀರು ಬಿದ್ದರೂ ಸಕ್ಕರೆ ಒದ್ದೆಯಾಗಿ ಒಂದಕ್ಕೊಂದು ಅಂಟಿ ಸಿಮೆಂಟಾಗುತ್ತದೆ.

ಅಮ್ಮನಿಗೆ ಸಿಟ್ಟು ಬಂದದ್ದು ಅವತ್ತು. ನಾನು ಪರೀಕ್ಷೆ ಫೇಲಾದಾಗಲೂ ಬರದ ಸಿಟ್ಟು. ‘ನಾಳೆ ಬೆಳಿಗ್ಗೆ ಎಂತ ಮಾಡ್ಲಿ? ನಿನ್ನ ಚಾಕೊಲೇಟ್ ತಿಂದು ಅಪ್ಪ ತೋಟಕ್ಕೆ ಹೋಗ್ತಾರಾ?’ ನಾಲ್ಕು ದಿನ ಉಪ್ಪಿಟ್ಟು, ಅವಲಕ್ಕಿ, ಮತ್ತೆ ಉಪ್ಪಿಟ್ಟು. ರಿಪೇರಿ ಅಂಗಡಿಯವರು ಗ್ರೈಂಡರಿನೊಳಗೆ ಇಣುಕಿ, ‘ಎಂತ ಸರ್, ಡಾಮರು ಕಡೆದದ್ದಾ?’ ಅಂದರು.

ಉಳಿದ ಅರ್ಧ, ಆರುನೂರೈವತ್ತು ಗ್ರಾಂ, ಡಬ್ಬಿಯಲ್ಲಿತ್ತು. ಜೂನ್ ಮೊದಲ ಶನಿವಾರ ಅಮ್ಮನ ಅನುಮತಿ ಪಡೆದು ಮತ್ತೆ ಕೂತೆ. ಈ ಸಲ ಎರಡು ದಿನ ಮೊದಲೇ ತೊಳೆದು ಬಿಸಿಲಿಗಿಟ್ಟ ಗ್ರೈಂಡರ್. ಇನ್ನೂರೆಂಬತ್ತು ಗ್ರಾಂ ಸಕ್ಕರೆ, ಅದನ್ನೂ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಪುಡಿ ಮಾಡಿದ್ದು. ಬೆಳಿಗ್ಗೆ ಆರಕ್ಕೆ ಶುರು. ನಡುನಡುವೆ ಮೋಟಾರಿಗೆ ವಿಶ್ರಾಂತಿ. ಮಧ್ಯಾಹ್ನದ ಹೊತ್ತಿಗೆ ಕೆಸರಿನಂತಿದ್ದದ್ದು ಸಂಜೆಗೆ ರೇಷ್ಮೆಯ ಹಾಗೆ ಇಳಿಯತೊಡಗಿತ್ತು.

ಸಂಜೆ ಐದರ ಹೊತ್ತಿಗೆ ಫೋನ್. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತೆಂಗಿನ ಮರದ ಬುಡದಲ್ಲಿ ಮಾತ್ರ. ಗೆಳೆಯನ ಮೆಸೇಜು: ‘ಲಿಸ್ಟ್ ಬಂದಿದೆ, ನೋಡು.’ ಮಾರ್ಚ್‌ನಲ್ಲಿ ಬರೆದ ಪರೀಕ್ಷೆ. ಒಳ್ಳೆಯದಾಗಿಯೇ ಬರೆದಿದ್ದೆ ಎಂದು ನಾನೂ, ನನ್ನನ್ನು ನಂಬಿ ಮನೆಯವರೂ ಅಂದುಕೊಂಡಿದ್ದೆವು. ಮೂರು ಸಲ ನೋಡಿದೆ. ನಂಬರ್ ಇರಲಿಲ್ಲ. ಒಂದೂಕಾಲು ಅಂಕಕ್ಕೆ ಹೋಗಿತ್ತು.

ಮರದ ಬುಡದಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಒಳಗಿನಿಂದ ಗ್ರೈಂಡರಿನ ಸದ್ದು ಕೇಳುತ್ತಲೇ ಇತ್ತು. ಅಷ್ಟರಲ್ಲಿ ಗಾಳಿ ಎದ್ದು, ಮಳೆ ಬಂದು, ಕರೆಂಟ್ ಹೋಗಿ ಆ ಸದ್ದೂ ನಿಂತಿತು. ಓಡಿದೆ. ಪರೀಕ್ಷೆಯ ವಿಷಯ ಹೇಳುವ ಬದಲು ‘ಅಮ್ಮಾ, ಗಟ್ಟಿಯಾಗ್ತದೆ!’ ಎಂದು ಕೂಗಿದೆ. ನನ್ನ ಮುಖದಲ್ಲಿ ಏನು ಕಂಡಿತೋ ಅಮ್ಮನಿಗೆ. ಏನೂ ಕೇಳಲಿಲ್ಲ. ಪಾತ್ರೆಯನ್ನು ಕಲ್ಲಿನ ಸಮೇತ ಎತ್ತಿ ಬಚ್ಚಲೊಲೆಯ ದಂಡೆಯ ಮೇಲೆ ಇಟ್ಟು, ಕೆಂಡ ಕೆದಕಿ, ಒಂದು ಹಳೆ ಕಂಬಳಿ ಸುತ್ತಿದರು. ಕರೆಂಟ್ ಬರುವಾಗ ರಾತ್ರಿ ಹತ್ತೂವರೆ. ಅಷ್ಟು ಹೊತ್ತೂ ಅಮ್ಮ ಒಲೆಯ ಹತ್ತಿರವೇ ಕೂತಿದ್ದರು, ನಾನೂ ಕೂತಿದ್ದೆ. ಹೇಳಿದೆ. ‘ಎಷ್ಟಕ್ಕೆ ಹೋಯ್ತು?’ ಅಂದರು. ‘ಒಂದೂಕಾಲು.’ ‘ಹೋದ ಸಲ ಆರು ಅಲ್ವಾ?’ ಅಂದರು. ಅಮ್ಮ ಲೆಕ್ಕ ಇಟ್ಟಿರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.

ಗ್ರೈಂಡರ್ ಬೆಳಗಿನ ಜಾವದವರೆಗೆ ತಿರುಗಿತು.

ಅಚ್ಚಿಗೆ ಹಾಕುವ ಮೊದಲು ಚಾಕೊಲೇಟನ್ನು ಹದ ಮಾಡಬೇಕು. 45 ಡಿಗ್ರಿಗೆ ಕರಗಿಸಿ, 27ಕ್ಕೆ ಇಳಿಸಿ, ಮತ್ತೆ 31–32ಕ್ಕೆ ತಂದರೆ ಕೊಬ್ಬಿನ ಹರಳು ಸರಿಯಾಗಿ ಕೂತು, ಹೊಳಪು ಬಂದು, ಮುರಿದರೆ ಸದ್ದಾಗುತ್ತದೆ. ನನ್ನಲ್ಲಿ ಥರ್ಮಾಮೀಟರ್ ಇರಲಿಲ್ಲ. ತುಟಿಗೆ ತಾಗಿಸಿದರೆ ಸ್ವಲ್ಪ ತಣ್ಣಗೆ ಅನ್ನಿಸಬೇಕು, ಅದೇ ಅಳತೆ. ನಿದ್ದೆಗಣ್ಣಿನಲ್ಲಿ ಆ ಅಳತೆ ತಪ್ಪಿತು. ಸ್ಟೀಲಿನ ತಟ್ಟೆಯಲ್ಲಿ ಹೊಯ್ದಿಟ್ಟದ್ದು ಎರಡೇ ದಿನಕ್ಕೆ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ‘ಇದಕ್ಕೂ ಬೂಷ್ಟು ಬಂತಾ?’ ಎಂದು ಅಮ್ಮ ಗಾಬರಿಯಾದರು. ಬೂಷ್ಟಲ್ಲ, ಹದ ತಪ್ಪಿ ಮೇಲಕ್ಕೆ ಬಂದ ಕೊಬ್ಬು. ನೋಡಲು ಚಂದವಿಲ್ಲ, ತಿನ್ನಲು ಅಡ್ಡಿಯಿಲ್ಲ.

ಮೊದಲ ತುಂಡು ಅಜ್ಜಿಗೆ. ಬಾಯಲ್ಲಿ ತಿರುಗಿಸಿ, ‘ಕಷಾಯದ ಹಾಗೆ ಉಂಟು’ ಎಂದು ಎದ್ದು ಹೋಗಿ ಒಂದು ಚೂರು ಬೆಲ್ಲ ತಂದು ಜೊತೆಗೆ ಹಾಕಿಕೊಂಡರು. ತಂಗಿ, ‘ಇದು ಕಹಿ, ಆದ್ರೆ ಇನ್ನೊಂದು ಕೊಡು’ ಅಂದಳು. ಅಪ್ಪ ತೋಟದಿಂದ ಬಂದು, ಕೈಕಾಲು ತೊಳೆದು, ಚಾವಡಿಯಲ್ಲಿ ಕೂತು ನಿಧಾನ ತಿಂದರು. ಮೂವತ್ತು ವರ್ಷದಿಂದ ಕೊಕ್ಕೊ ಕೊಯ್ದ ಮನುಷ್ಯ, ತನ್ನ ಗಿಡದ ಚಾಕೊಲೇಟ್ ಬಾಯಿಗಿಟ್ಟದ್ದು ಅದೇ ಮೊದಲು. ನಾನು ಬಾಗಿಲ ಹತ್ತಿರ ಕಾದು ನಿಂತಿದ್ದೆ.

‘ಹುಳಿ ಸ್ವಲ್ಪ ಜಾಸ್ತಿ. ಒಣಗಿಸಿದ್ದು ಬೇಗ ಆಯ್ತು’ ಅಂದರು. ಆಮೇಲೆ, ‘ಇಷ್ಟಕ್ಕೆ ಎಷ್ಟು ಬೀಜ ಹೋಯ್ತು?’

ಕೂತು ಲೆಕ್ಕ ಹಾಕಿದೆವು. ಎಲ್ಲವೂ ಸರಿಯಾಗಿ ಆಗಿದ್ದರೆ ಐದು ಕೆಜಿ ಹಸಿಬೀಜ, ಅಂದರೆ ಆಗಿನ ದರದಲ್ಲಿ 1,500 ರೂಪಾಯಿ. ಸಕ್ಕರೆ, ಕರೆಂಟು ಸೇರಿದರೆ 1,550ರ ಮೇಲೆ. ಸಿಗುವುದು 1,850 ಗ್ರಾಂ ಚಾಕೊಲೇಟು. ನೂರು ಗ್ರಾಮಿಗೆ 84 ರೂಪಾಯಿ. ಅಜ್ಜಿಯ ಗೆರಸೆಗೆ, ಅಮ್ಮನ ಕಂಬಳಿಗೆ ಮಜೂರಿ ಹಾಕಿಲ್ಲ. ಕೇಕ್ ಮಾಡುವವರು ಬಳಸುವ ‘ಕಾಂಪೌಂಡ್’ ಇದಕ್ಕಿಂತ ಎಷ್ಟೋ ಅಗ್ಗ, ಏಕೆಂದರೆ ಅದರಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುತ್ತದೆ. ಅದೇನೂ ವಿಷವಲ್ಲ, ನಾನೂ ಬಳಸುತ್ತೇನೆ. ಆದರೆ ಪ್ಯಾಕೆಟ್ಟಿನ ಹಿಂಬದಿ ಓದುವ ಅಭ್ಯಾಸ ಅಂದಿನಿಂದ ಬಂತು. ಅಂಗಡಿಯಲ್ಲಿ ನಿಂತು ಸಣ್ಣಕ್ಷರ ಓದುವ ನನ್ನನ್ನು ನೋಡಿ ಗೆಳೆಯರು ನಗುತ್ತಾರೆ.

ಬೆಳ್ಳಗಾದ ಚಾಕೊಲೇಟಿನಲ್ಲಿ ನೂರೈವತ್ತು ಗ್ರಾಂ ಕರಗಿಸಿ, ಕೊಕ್ಕೊ ಪುಡಿಯ ಜಾಗದಲ್ಲಿ ಹಾಕಿ, ಎಣ್ಣೆ ಸ್ವಲ್ಪ ಕಡಿಮೆ ಮಾಡಿ ಮತ್ತೆ ಅದೇ ಮೊಸರಿನ ಕೇಕ್ ಮಾಡಿದೆ. ಗ್ಯಾಸ್ಕೆಟ್ ತೆಗೆದು! ಬೇಕರಿಯ ಪೇಸ್ಟ್ರಿಯ ಹಾಗೆ ಕೆನೆಯ ಗೋಪುರ ಇರಲಿಲ್ಲ. ಕಂದು ಬಣ್ಣದ, ಸ್ವಲ್ಪ ಬಿರುಕು ಬಿಟ್ಟ ಕೇಕು. ಬಿಸಿ ಇರುವಾಗಲೇ ಕತ್ತರಿಸಿದೆವು. ಹೊರಗೆ ಮಳೆ, ಒಳಗೆ ಕಣ್ಣುಚಾಯ. ಆ ಹುಳಿ ಕೇಕಿನೊಳಗೆ ಹೋಗಿ ಹಣ್ಣಿನ ರುಚಿಯಾಗಿತ್ತು. ಎರಡು ವರ್ಷ ಬೇಕರಿಯಲ್ಲಿ ಒಬ್ಬನೇ ನಿಂತು, ಯಾರಾದರೂ ಪರಿಚಯದವರು ಬಂದಾರೆಂದು ಬೇಗಬೇಗ ತಿಂದ ಆ ಏಳು ಪೇಸ್ಟ್ರಿಗಳ ರುಚಿ ನನಗೆ ನೆನಪೇ ಇಲ್ಲ. ಇದರದ್ದು ಈಗಲೂ ನಾಲಿಗೆಯಲ್ಲಿದೆ.

ಪಕ್ಕದ ಮನೆಯವರು ಮಗುವಿನ ಹುಟ್ಟುಹಬ್ಬಕ್ಕೆ ಕೇಳಿದರು. ಆಮೇಲೆ ಅವರ ನೆಂಟರು. ಮಾರುವುದಾದರೆ ಮನೆಯಲ್ಲಿ ಮಾಡುವ ಸಣ್ಣ ವ್ಯಾಪಾರಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆನ್‌ಲೈನಿನಲ್ಲಿ ಮಾಡಿಸಿದೆ. ಆಗ ವರ್ಷಕ್ಕೆ ನೂರು ರೂಪಾಯಿ. ಅಷ್ಟು ಕಡಿಮೆ ಶುಲ್ಕದ ಅರ್ಜಿಯನ್ನು ನಾನು ಜೀವನದಲ್ಲಿ ತುಂಬಿರಲಿಲ್ಲ. ತಿಂಗಳಿಗೆ ಐದಾರು ಕೇಕ್ ಹೋಗುತ್ತದೆ. ರೀಚಾರ್ಜು, ಅರ್ಜಿ ಶುಲ್ಕ ಅದರಲ್ಲೇ ಆಗುತ್ತದೆ. ‘ಹಾಗಾದ್ರೆ ಬೇಕರಿ ಹಾಕು, ಪರೀಕ್ಷೆ ಬಿಡು’ ಎಂದು ಹೇಳುವವರಿದ್ದಾರೆ. ಐದಾರು ಕೇಕಿನಲ್ಲಿ ಮನೆ ನಡೆಯುವುದಿಲ್ಲ ಎಂದು ಬಿ.ಕಾಂ. ಓದಿದವನಿಗೆ ಗೊತ್ತಿರುತ್ತದೆ. ಪರೀಕ್ಷೆ ಬರೆಯುತ್ತಲೇ ಇದ್ದೇನೆ.

ಮದುವೆಮನೆಗೆ ಮಾತ್ರ ಮೊದಲನೇ ಪಂಕ್ತಿಗೇ ಹೋಗುತ್ತೇನೆ. ‘ಎಂತ ಮಾಡ್ತಿದ್ದಿ ಈಗ?’ ಎಂದು ಕೇಳಿದವರಿಗೆ ಕೊಕ್ಕೊ ಹುಳಿ ಬರಿಸುವ ಕ್ರಮವನ್ನು ಶುರುವಿನಿಂದ ಹೇಳತೊಡಗಿದರೆ, ಬುಟ್ಟಿ ಮಗುಚುವ ಹೊತ್ತಿಗೆ ಅವರೇ ಎದ್ದು ಹೋಗುತ್ತಾರೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ನನ್ನ ಪರೀಕ್ಷೆಯ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ನೀಲಿ ಸುತ್ತು ಹಾಕಿದ ದಿನ ಗ್ರೈಂಡರ್ ನನ್ನದು. ಈ ಶನಿವಾರ ಎರಡೂ ಬಣ್ಣ ಒಂದೇ ಚೌಕದಲ್ಲಿ ಬಿದ್ದಿದೆ. ಪರೀಕ್ಷೆ ಮಂಗಳೂರಿನಲ್ಲಿ, ಮಧ್ಯಾಹ್ನದ ಬ್ಯಾಚು. ಗ್ರೈಂಡರನ್ನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ ಎಂದು ಅಪ್ಪ ಹೇಳಿದ್ದಾರೆ. ನೀರು ತಾಗಿಸಬಾರದು ಎಂದು ನಾನು ಈಗಾಗಲೇ ಮೂರು ಸಲ ಹೇಳಿಯಾಗಿದೆ.